ತೊಳೆದಿಟ್ಟ ಸೈಕಲ್ ಕಡ್ಡಿಗಳು

ಬರ್ಫು ಕರಗಬಾರದು, ಬರ್ಫು ಜಾರಬಾರದು. ಬೆಂಗೇರಿಯ ಬರ್ಫಿನ ಕಾರ್ಖಾನೆಯಲ್ಲಿ ನಾನು ಕಲಿತದ್ದು ಇವೆರಡೇ. ಕರಗಿದರೆ ಸಾವ್ಕಾರ ಬೈಯುತ್ತಾನೆ, ಜಾರಿದರೆ ಯಾರದಾದರೂ ಕಾಲು ಹೋಗುತ್ತದೆ. ಹಾಗಿರುವಾಗ ಧಾರವಾಡದ ಕಾಲೇಜಿನವರು ಬಂದು, ಬರ್ಫು ಎಷ್ಟು ಕರಗುತ್ತದೆ, ಎಷ್ಟು ಜಾರುತ್ತದೆ ಅಂತ ಅಳೆಯಬೇಕಾಗಿದೆ, ನೀವು ನಮ್ಮ ಜೊತೆಗಿರಬೇಕು ಅಂದಾಗ ನನಗೆ ನಗು ಬಂತು. ಕರಗಿದ್ದು ಮೋರಿಗೆ ಹೋಗುತ್ತದೆ. ಅದನ್ನು ಅಳೆದು ಏನು ಮಾಡುವುದು?

ಕಾರ್ಖಾನೆಯ ಹಿಂದೆ ಹಳೆಯದೊಂದು ತಣ್ಣನೆಯ ಖೋಲಿ ಇದೆ. ಹೊಸ ಶೆಡ್ಡು ಎದ್ದ ಮೇಲೆ ಅದಕ್ಕೆ ಸೀಜನ್ನಿನಲ್ಲಿ ಬರ್ಫು ಮುಚ್ಚುವ ಕಟ್ಟಿಗೆ ಹೊಟ್ಟು ತುಂಬುತ್ತಾರೆ, ಉಳಿದ ದಿನ ಖಾಲಿ. ಮದುವೆ ಸೀಜನ್ನು ಶುರುವಾಗುವ ತನಕ ಇಟ್ಟುಕೊಳ್ಳಿ ಎಂದು ಸಾವ್ಕಾರ ಅದನ್ನು ಅವರಿಗೆ ಬಿಟ್ಟುಕೊಟ್ಟ. ಖೋಲಿಯ ಜೊತೆಗೆ ನನ್ನನ್ನೂ ಕೊಟ್ಟ.

"ಹೆಂಗೂ ಮೊಣಕಾಲು ಹಿಡಕೊಂಡು ಕುಂತಿರ್ತಾಳ. ಅಲ್ಲೇ ಕುಂದರ್ಲಿ ತಗೋರಿ" ಅಂದ.

ಬಂದವರು ಇಬ್ಬರು. ಒಬ್ಬರು ಪ್ರೊಫೆಸರು, ದನಿ ಎತ್ತಿ ಮಾತಾಡುವವರೇ ಅಲ್ಲ. ಇನ್ನೊಬ್ಬಳು ಅವರ ಕೈಕೆಳಗೆ ದೊಡ್ಡ ಡಿಗ್ರಿಗೆ ಓದುವ ಹುಡುಗಿ. ನವನಗರದಿಂದ ಬಸ್ಸಿಗೆ ಬರುತ್ತಿದ್ದಳು. ಕೆಲಸವೆಲ್ಲ ಅವಳದು, ಡಿಗ್ರಿಯೂ ಅವಳದು. ಮೊದಲ ದಿನ ಖೋಲಿಯ ಬಾಗಿಲಲ್ಲಿ ನಿಂತು ಅವಳೇ ತಿಳಿಸಿ ಹೇಳಿದಳು. ನಮ್ಮ ಮಷಿನ್ ನೋಡಿಕೊಳ್ಳುವ ಮಿಸ್ತ್ರಿಯೂ ಬೀಡಿ ಆರಿಸಿ ಬಂದು ಪಕ್ಕದಲ್ಲಿ ನಿಂತ. ಅವನೂ ನಾನೂ ಈ ಕಾರ್ಖಾನೆಯಲ್ಲೇ ಮುದುಕರಾದವರು.

"ಭೂಮಿ ತಳದಾಗ, ದಕ್ಷಿಣ ಧ್ರುವದ ಕಡೆ, ಬರ್ಫಿಂದ ಒಂದ್ ಹಾಸು ಐತ್ರಿ ಅಜ್ಜಿ. ನಮ್ಮ ದೇಶಕ್ಕಿಂತ ದೊಡ್ಡದು. ನೋಡಾಕ ನಿಂತಂಗ ಕಾಣ್ತೈತಿ, ನಿಂತಿಲ್ಲ. ಸಾವಕಾಶ ಸಮುದ್ರದ ಕಡೆ ಜಾರಾಕತ್ತೈತಿ."

"ಯಾರು ನೂಕ್ತಾರ ಅದನ್ನ?" ಅಂದೆ.

"ಅದರ ಭಾರನ ಅದನ್ನ ನೂಕ್ತೈತ್ರಿ. ಮ್ಯಾಲಿನ ಬರ್ಫು ಕರಗಿ ನೀರು ಕೆಳಗ ಇಳೀತಂದ್ರ ಇನ್ನೂ ಲಗೂ ಜಾರ್ತೈತಿ. ಎಷ್ಟು ಲಗೂ ಅನ್ನೋದು ಗೊತ್ತಾದ್ರ ಸಮುದ್ರ ಎಷ್ಟು ಏರ್ತೈತಿ ಅನ್ನೋದೂ ಗೊತ್ತಾಗ್ತೈತಿ."

ಮಿಸ್ತ್ರಿ ಅಂದ, "ಸಮುದ್ರ ಹುಬ್ಬಳ್ಳಿಗೆ ಬರಬೇಕಂದ್ರ ಘಟ್ಟ ಹತ್ತಬೇಕಲ್ಲವಾ. ಅದು ಹತ್ತೂತನಕ ನಾವೆಲ್ಲಿ ಇರ್ತೇವಿ."

"ನಿಮ್ಮ ಮೊಮ್ಮಕ್ಕಳು ಇರ್ತಾವಲ್ರಿ ಚಾಚಾ."

"ಅವು ಈಸಾಕ ಕಲೀಲಿ."

ಹುಡುಗಿ ನಕ್ಕಳು. ಆಮೇಲೆ, ಅಲ್ಲಿಗೆ ಹೋಗಿ ಅಳೆಯುವಷ್ಟು ಅನುಕೂಲ ನಮಗೆಲ್ಲಿದೆ, ಅದಕ್ಕೇ ಅಂಥದ್ದೇ ಒಂದು ಸಣ್ಣ ಹಾಸನ್ನು ಇಲ್ಲೇ ಮಾಡಿ ಕರಗಿಸಿ ನೋಡುತ್ತೇವೆ ಅಂದಳು. ಕರಗಿಸಿ ನೋಡುತ್ತೇವೆ ಎಂದು ಅವಳು ಬಾಯಿಬಿಟ್ಟು ಹೇಳಿದ್ದಳು. ನಾನು ಕೇಳಿಯೂ ಇದ್ದೆ. ಇದನ್ನು ಮೊದಲೇ ಬರೆದಿಡುತ್ತೇನೆ, ಆಮೇಲೆ ಯಾರೂ ಮುದುಕಿಗೆ ತಿಳಿಸಿ ಹೇಳಿರಲಿಲ್ಲ ಅನ್ನಬಾರದು.

ಎತ್ತಿನ ಗಾಡಿಯಷ್ಟು ಉದ್ದದ ಕಟ್ಟಿಗೆಯ ದೋಣಿ ಮಾಡಿಸಿದರು. ತಳಕ್ಕೆ ತಗಡು, ಎರಡೂ ಬದಿಗೆ ಹಲಗೆ, ಮುಂದಿನ ತುದಿ ಬಯಲು. ತಲೆಯ ಕಡೆ ಇಟ್ಟಿಗೆ ಕೊಟ್ಟು ಎತ್ತರಿಸಿದರು. ತಗಡಿನ ಮೇಲೆ ಹಾಸಲು ಹೆಬ್ಬಳ್ಳಿ ಹೊಲದ ಎರೆ ಮಣ್ಣು ತರಿಸಿದರು. ಸಿಮೆಂಟ್ ಬಳಿದರೆ ಚೊಕ್ಕ ಇರುತ್ತದಲ್ಲ ಅಂದೆ. ಆ ದೊಡ್ಡ ಬರ್ಫಿನ ಕೆಳಗೂ ಎಷ್ಟೋ ಕಡೆ ಇಂಥ ಕೆಸರೇ ಇದೆ ಅಂದಳು ಹುಡುಗಿ. ಒಣಗಿದರೆ ಕಲ್ಲು, ನೆನೆದರೆ ಬೆಣ್ಣೆ, ಎರೆಯ ಗುಣ ಯಾರಿಗೆ ಗೊತ್ತಿಲ್ಲ. ಕಲ್ಲು ಆರಿಸಿ, ನಾದಿ, ಕೈಯಿಂದ ಬಡಿದು ಹಾಸಿದೆವು. ಅದರ ಮೇಲೆ ಲಾದಿಗಳು. ಲಾದಿ ಅಂದರೆ ನಮ್ಮಲ್ಲಿ ಡಬ್ಬಿಯಿಂದ ತೆಗೆದ ಇಡೀ ಬರ್ಫಿನ ಗಡ್ಡೆ. ಕೊಕ್ಕೆ ಹಾಕಿ ಎಳೆದು, ಒಂದಕ್ಕೊಂದು ತಾಗಿಸಿ ಕೂಡಿಸಿ, ಸಂದಿಗೆ ಪುಡಿ ಬರ್ಫು ತುಂಬಿ ತಣ್ಣೀರು ಹನಿಸಿದೆವು. ಖೋಲಿಯ ಥಂಡಿಗೆ ಎಲ್ಲ ಬೆಸೆದು ಒಂದೇ ಹಾಸಾಯಿತು.

ಅಳೆಯುವುದಕ್ಕೆ ಸೈಕಲ್ ಚಕ್ರದ ಕಡ್ಡಿಗಳು. ಮಿಸ್ತ್ರಿ ತನ್ನ ಅಳಿಯನ ಅಂಗಡಿಯಿಂದ ತಂದುಕೊಟ್ಟ. ಒಂದು ಕಡ್ಡಿಯನ್ನು ಸ್ಟೋವಿನಲ್ಲಿ ಕಾಸಿ ಬರ್ಫಿಗೆ ತೂತು ಕೊರೆದು, ಉಳಿದವನ್ನು ಸಾಲು ಸಾಲಾಗಿ ನೆಟ್ಟೆವು. ಒಂದೊಂದು ಸಾಲಿನ ನೆತ್ತಿಗೆ ಸರಿಯಾಗಿ, ದೋಣಿಯ ಈ ಹಲಗೆಯಿಂದ ಆ ಹಲಗೆಗೆ ದಾರ ಬಿಗಿದೆವು. ಬರ್ಫು ಕರಗಿದರೆ ಕಡ್ಡಿ ಹೆಚ್ಚು ಹೊರಗೆ ಕಾಣುತ್ತದೆ. ಎಷ್ಟು ಕಂಡಿತು ಅಂತ ಸ್ಟೀಲ್ ಪಟ್ಟಿ ಹಿಡಿದು ನೋಡಬೇಕು. ಬರ್ಫು ಸರಿದರೆ ಕಡ್ಡಿ ದಾರ ಬಿಟ್ಟು ಮುಂದಕ್ಕೆ ಹೋಗುತ್ತದೆ. ದಾರದಿಂದ ಎಷ್ಟು ದೂರ ಅಂತ ಅದನ್ನೂ ನೋಡಬೇಕು. ಬಯಲು ತುದಿಯಲ್ಲಿ ಸೋರಿದ ನೀರನ್ನು ಡಬ್ಬಿಯಲ್ಲಿ ಹಿಡಿದು ಹಾಲಿನ ಮಾಪಿನಿಂದ ಅಳೆಯಬೇಕು. ಕೆಲಸ ಇಷ್ಟೇ.

ನಾನು ಸಾಲಿ ಕಲಿತದ್ದು ಕಡಿಮೆ. ಅಂಕಿ ಬರುತ್ತವೆ, ಅಕ್ಷರ ಕೂಡಿಸಿ ಕೂಡಿಸಿ ಬರೆಯುತ್ತೇನೆ. ಬೆಳಿಗ್ಗೆ ಹುಡುಗಿಯೇ ಅಳೆಯುತ್ತಿದ್ದಳು. ಮಧ್ಯಾಹ್ನ ಅವಳಿಗೆ ಕಾಲೇಜು. ಆಗ ನಾನು ಸ್ವೆಟರು ಹಾಕಿ ಒಳಗೆ ಹೋಗಿ, ಪಟ್ಟಿ ಹಿಡಿದು, ಅಂಕಿಯನ್ನು ಸೀಮೆಸುಣ್ಣದಿಂದ ಗೋಡೆಗೆ ಬರೆದು, ಹೊರಗೆ ಬಂದು ಅವಳಿಗೆ ಫೋನಿನಲ್ಲಿ ಹೇಳುತ್ತಿದ್ದೆ. ಪಟ್ಟಿಯ ಸಣ್ಣ ಗೆರೆ ಎಣಿಸುವಾಗ ತಪ್ಪುತ್ತಿದ್ದೆ.

"ಮತ್ತೊಮ್ಮೆ ನೋಡಿ ಬರ್ರಿ ಅಜ್ಜಿ" ಅನ್ನುತ್ತಿದ್ದಳು. ನೋಡಿ ಬರುತ್ತಿದ್ದೆ.

ಖೋಲಿಯ ಥಂಡಿಯನ್ನು ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪ ಕಡಿಮೆ ಮಾಡಿದರು. ಕಡ್ಡಿಗಳು ಉದ್ದವಾಗತೊಡಗಿದವು. ಇಷ್ಟು ಕರಗಿದೆ ಅಂತ ಫೋನಿನಲ್ಲಿ ಹೇಳುವಾಗ ನನ್ನ ದನಿ ತಾನಾಗಿ ಕೆಳಗಿಳಿಯುತ್ತಿತ್ತು, ನಾನೇ ಕರಗಿಸಿದ ಹಾಗೆ. ಆ ಕಡೆಯಿಂದ ಅವಳು "ಛಲೋ ಆತ್ರಿ" ಅನ್ನುವಳು. ನನಗೆ ಅದು ಕೊನೆತನಕ ರೂಢಿಯಾಗಲಿಲ್ಲ.

ಕರಗುತ್ತಿತ್ತು, ಆದರೆ ಜಾರುತ್ತಿರಲಿಲ್ಲ. ವಾರದ ಮೇಲೆ ವಾರ ಹೋಯಿತು. ಕಡ್ಡಿಗಳು ದಾರದ ಕೆಳಗೇ ನಿಂತಿದ್ದವು. ಸಾವ್ಕಾರ ಅಂಗಳದಲ್ಲಿ ಹಾದು ಹೋಗುವಾಗೆಲ್ಲ ಖೋಲಿಯ ಬಾಗಿಲು ನೋಡಿ ಹೋಗುತ್ತಿದ್ದ. ಹುಡುಗಿ ಊಟದ ಡಬ್ಬಿ ತಂದರೂ ಬಿಚ್ಚುತ್ತಿರಲಿಲ್ಲ. ಪ್ರೊಫೆಸರು, "ನೀರು ಮಣ್ಣಿಗೆ ಇಳೀಲಿ, ತಾಳು" ಅನ್ನುತ್ತಿದ್ದರು. ಒಂದು ದಿನ ಹುಡುಗಿ ನನ್ನನ್ನು ಕೂರಿಸಿಕೊಂಡು ಹೇಳಿದಳು.

"ಸರಿಯೋದಿದ್ರ ಒಮ್ಮಿಂದೊಮ್ಮೆಲೆ ಸರೀತೈತ್ರಿ ಅಜ್ಜಿ. ಆವತ್ತು ನಾ ಇಲ್ಲದಿದ್ರೂ ನೀವು ಅಂಜಬ್ಯಾಡ್ರಿ. ಏನೂ ಮುಟ್ಟಬ್ಯಾಡ್ರಿ. ಅಳೀರಿ, ಫೋನ್ ಹಚ್ರಿ, ಬಸ್ಸಿಲ್ಲಂದ್ರ ಆಟೋ ಹಿಡಕೊಂಡು ಬರ್ತೇನಿ."

"ಹೂಂ" ಅಂದೆ.

ಅದಾದ ಮೇಲೆ ಒಂದು ಮಧ್ಯಾಹ್ನ ಮೋಡ ಕವಿದು ಗಾಳಿ ಎದ್ದಿತು. ಎಲ್ಲೋ ಗಿಡ ಬಿದ್ದು ಕರೆಂಟು ಹೋಯಿತು. ಮಷಿನ್ ನಿಂತಾಗ ಬರುವ ಮೌನ ನಮಗೆ ಬಹಳ ಕೆಟ್ಟದ್ದು. ಆ ಮೌನ ಬಿತ್ತೆಂದರೆ ಇಡೀ ಕಾರ್ಖಾನೆ ಎದ್ದು ಓಡುತ್ತದೆ, ಗೋಣಿ ತಾ, ಹೊಟ್ಟು ತಾ, ಬರ್ಫು ಮುಚ್ಚು ಅಂತ. ಹೊಸ ಶೆಡ್ಡಿನಲ್ಲಿ ಎಲ್ಲರೂ ಹಾಗೇ ಓಡುತ್ತಿದ್ದರು. ಮಿಸ್ತ್ರಿಯೂ ಅಲ್ಲಿದ್ದ. ನಾನು ಹಳೇ ಖೋಲಿಯ ಬಾಗಿಲಲ್ಲಿ ನಿಂತಿದ್ದೆ. ಆಗ ಒಳಗೆ ಧಡ್ ಅಂತು.

ಟಾರ್ಚ್ ಹಿಡಿದು ಹೋದೆ. ಹಾಸು ಸರಿದಿತ್ತು. ಕಡ್ಡಿಯ ಸಾಲುಗಳು ದಾರ ಬಿಟ್ಟು ಮುಂದಕ್ಕೆ ಹೋಗಿದ್ದವು, ನಡುವಿನವು ಹೆಚ್ಚು, ಬದಿಯವು ಕಡಿಮೆ. ನಾನು ನೋಡುತ್ತಿದ್ದ ಹಾಗೆ ಇನ್ನೂ ಒಂದಿಷ್ಟು ಸರಿಯಿತು. ಕೆಳಗಿನಿಂದ ಎರೆಯ ಕೆಸರು ಬುಳಬುಳ ಅಂತ ಹೊರಗೆ ಬರುತ್ತಿತ್ತು.

ಹಿಂದೊಮ್ಮೆ ನನ್ನ ಜೊತೆ ಕೆಲಸಕ್ಕಿದ್ದ ಒಬ್ಬಳ ಪಾದ ಲಾರಿ ತುಂಬುವ ಇಳಿಜಾರಿನಲ್ಲಿ ಲಾದಿಯ ಕೆಳಗೆ ಸಿಕ್ಕಿತ್ತು. ಅವಳ ಕೂಗು ನನಗೆ ಕೇಳಿಸಿತು ಅಂತ ಬರೆದರೆ ಸುಳ್ಳಾಗುತ್ತದೆ. ಏನೂ ಕೇಳಿಸಲಿಲ್ಲ, ಏನೂ ಹೊಳೆಯಲಿಲ್ಲ. ಕೈ ತಾನೇ ಕೆಲಸ ಮಾಡಿತು. ಬಾಗಿಲ ಬಳಿ ಇದ್ದ, ಲಾದಿ ಜಾರದಂತೆ ಅಡ್ಡ ಕೊಡುವ ಕಟ್ಟಿಗೆಯ ಗುಟ್ಟಗಳನ್ನು ತಂದು ಬರ್ಫಿನ ಮೂತಿಗೆ ಎರಡೂ ಕಡೆ ಕೊಟ್ಟು ಸುತ್ತಿಗೆಯಿಂದ ಜಡಿದೆ. ಹಾಸು ನಿಂತಿತು. ಗೋಣಿ ತಂದು ಹೊದಿಸಲು ನೋಡಿದೆ. ಕಡ್ಡಿಗಳು ಗೋಣಿಗೆ ಚುಚ್ಚುತ್ತಿದ್ದವು. ಒಂದೊಂದಾಗಿ ಎಲ್ಲ ಕಿತ್ತೆ. ದಾರ ಕಾಲಿಗೆ ತೊಡರುತ್ತಿತ್ತು, ಬಿಚ್ಚಿ ಸುತ್ತಿಟ್ಟೆ. ಗೋಣಿ ಹಾಸಿ, ಮೇಲೆ ಕಟ್ಟಿಗೆ ಹೊಟ್ಟು ಸುರಿದು, ಮತ್ತೆ ಗೋಣಿ ಹಾಸಿ, ಬಾಗಿಲಿನ ಸಂದಿಗೆ ಅರಿವೆ ತುರುಕಿದೆ. ಫೋನು ಸೊಂಟದ ಚೀಲದಲ್ಲೇ ಇತ್ತು. ಅದು ನೆನಪಾಗಲೇ ಇಲ್ಲ.

ಆಮೇಲೆ ನಲ್ಲಿಯ ಕೆಳಗೆ ಕೂತು ಕಡ್ಡಿಗಳನ್ನೆಲ್ಲ ತೊಳೆದೆ. ಎರೆ ಹತ್ತಿತ್ತು. ಒರೆಸಿ, ರಬ್ಬರ್ ಹಾಕಿ ಕಟ್ಟಿ, ಕಿಟಕಿಯಲ್ಲಿಟ್ಟೆ. ಮೈ ಹಣ್ಣಾಗಿತ್ತು. ಮನೆಗೆ ಹೋಗಿ, ಇವತ್ತು ಒಂದು ಕೆಲಸ ಮಾಡಿದೆ ಅಂತ ಸೊಸೆಯ ಮುಂದೆ ಹೇಳಿ ಉಂಡೆ.

ಮರುದಿನ ಇಬ್ಬರೂ ಬರುವ ಹೊತ್ತಿಗೆ ಬಾಗಿಲಲ್ಲಿ ನಿಂತಿದ್ದೆ. ಸೆರಗು ಸರಿಮಾಡಿಕೊಂಡು ನಿಂತಿದ್ದೆ, ಅದೂ ನೆನಪಿದೆ.

"ಕರೆಂಟ್ ಹೋಗಿತ್ರಿ ಸರ. ಜಾರಾಕತ್ತಿತ್ತು, ಹಿಡದು ನಿಲ್ಲಿಸೇನಿ. ಗಟ್ಟಿ ಐತಿ, ಆಮ್ಯಾಲೆ ಒಂದ್ ಬಟ್ಟೂ ಸರದಿಲ್ಲ" ಅಂದೆ.

ಪ್ರೊಫೆಸರು ಒಳಗೆ ಹೋಗಿ ಗೋಣಿ ಎತ್ತಿ ನೋಡಿದರು. ಗುಟ್ಟ ನೋಡಿದರು. ಹುಡುಗಿ ಕಿಟಕಿಯಲ್ಲಿದ್ದ ಕಡ್ಡಿಯ ಕಟ್ಟು ಕೈಗೆತ್ತಿಕೊಂಡಳು.

"ತೊಳದೀರಿ?" ಅಂದಳು.

"ಹೂಂ. ಎರಿ ಹತ್ತಿತ್ತು."

ಅವಳು ಬೋರಲು ಹಾಕಿದ ಡಬ್ಬಿಯ ಮೇಲೆ ಕೂತಳು. ಕೂತು ಆ ರಬ್ಬರನ್ನು ಎಳೆಯುವುದು, ಬಿಡುವುದು ಮಾಡಿದಳು. ಆಗ ನನಗೆ ಗೊತ್ತಾಯಿತು. ಯಾರೂ ಬಿಡಿಸಿ ಹೇಳುವ ಮೊದಲೇ ಗೊತ್ತಾಯಿತು.

"ಎಷ್ಟು ಸರದಿತ್ರಿ ಅಜ್ಜಿ?" ಪ್ರೊಫೆಸರು ಕೇಳಿದರು.

ಕೈ ಅಗಲಿಸಿ ಗೇಣು ತೋರಿಸಿದೆ. ಗೇಣು ಅವರಿಗೆ ಯಾವುದಕ್ಕೂ ಬರುವ ಹಾಗಿರಲಿಲ್ಲ. ಯಾವ ಕಡ್ಡಿ ಎಷ್ಟು, ಎಷ್ಟು ಹೊತ್ತಿನಲ್ಲಿ ಎಷ್ಟು, ಅದು ಬೇಕಾಗಿತ್ತು. ಅದನ್ನೆಲ್ಲ ನಾನು ಕಿತ್ತು ತೊಳೆದಿದ್ದೆ.

"ಇರ್ಲಿ ಬಿಡ್ರಿ" ಅಂದರು ಅವರು, ಮೆಲ್ಲಗೆ. "ನೀವು ಬರ್ಫಿನ ಮ್ಯಾಲಿನ ಪ್ರೀತಿಗೆ ಮಾಡೀರಿ. ನಿಮಗೇನು ಗೊತ್ತಾಗಬೇಕು."

ಹುಡುಗಿಯೂ ಎದ್ದು ಬಂದು ನನ್ನ ಭುಜ ಮುಟ್ಟಿ, "ಚಾ ಕುಡದೀರೇನ್ರಿ ಅಜ್ಜಿ?" ಅಂದಳು.

ಸಾವ್ಕಾರನಾಗಿದ್ದರೆ ಮೂರು ತಲೆಮಾರು ಎಳೆದು ಬೈಯುತ್ತಿದ್ದ. ಬೈದು, ಹೋಗಿ ಕೆಲಸ ನೋಡು ಅನ್ನುತ್ತಿದ್ದ. ಬೈಸಿಕೊಂಡು ಕೆಲಸ ನೋಡುವುದು ನನಗೆ ಗೊತ್ತು. ಇದನ್ನು ಏನು ಮಾಡಬೇಕೋ ಗೊತ್ತಾಗಲಿಲ್ಲ. ನನ್ನ ಮೊಮ್ಮಗಳು ಹಾಲು ಚೆಲ್ಲಿದರೆ ಬೈಯುತ್ತೇನೆ. ಬೆಕ್ಕು ಚೆಲ್ಲಿದರೆ ಒರೆಸಿ ಸುಮ್ಮನಾಗುತ್ತೇನೆ. ಇವರು ನನ್ನನ್ನು ಬೆಕ್ಕಿನ ಲೆಕ್ಕಕ್ಕೆ ಹಾಕಿದ್ದರು.

ಆ ವಾರವೇ ಪ್ರೊಫೆಸರರ ಪರಿಚಯದವರು ಯಾರೋ ನೋಡಲು ಬಂದರು. ಅವರಿಗೆ ನನ್ನನ್ನು ತೋರಿಸಿ, "ನಮ್ಮ ಅಜ್ಜಿ ಬರ್ಫಿಗೆ ಥಂಡಿ ಆಗ್ತೈತಿ ಅಂತ ಕೌದಿ ಹೊಚ್ಚಿಬಿಟ್ಟಾರ" ಅಂದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಬಂದವರು ನಕ್ಕರು. ಒಬ್ಬ ಹೆಣ್ಣುಮಗಳು "ಎಷ್ಟು ಚೆಂದ" ಅಂದಳು. ಗೋಣಿ ಹಿಡಿದು ಬರ್ಫಿನ ಪಕ್ಕ ನಿಲ್ಲಿ ಅಂದರು, ನಿಂತೆ. ಫೋಟೋ ತೆಗೆದರು. ನಗಿ ಅಂದರು, ನಕ್ಕೆ. ಆ ಫೋಟೋ ಎಲ್ಲಿದೆಯೋ. ಅದರಲ್ಲಿ ನಾನು ನಗುತ್ತಿದ್ದೇನೆ.

ಅಂದಿನಿಂದ ನನಗೆ ಚಾ ಮಾಡುವ ಕೆಲಸ. ನೀವು ಆರಾಮ ಕುಂದರ್ರಿ ಅಂದರು. ಪಟ್ಟಿ ನನ್ನ ಕೈಗೆ ಬರಲಿಲ್ಲ. ಅಳೆಯುವುದಕ್ಕೂ ಏನು ಉಳಿದಿತ್ತು? ಹೊಟ್ಟು ಬರ್ಫಿಗೆ ಹತ್ತಿ ಮೇಲೆಲ್ಲ ಗುಳಿ ಬಿದ್ದಿತ್ತು, ಕೆಳಗಿನ ಕೆಸರು ಮುಂದಿನಿಂದ ಹೊರಗೆ ಹೋಗಿತ್ತು. ಸಾವ್ಕಾರ ಖೋಲಿ ಕೇಳಲು ಇನ್ನು ಬಹಳ ದಿನ ಇರಲಿಲ್ಲ.

ಮಿಸ್ತ್ರಿಯನ್ನು ಕೇಳಿದೆ, "ಖರೇ ಹೇಳು. ಆ ಹುಡುಗಿ ಗತಿ ಏನು?"

"ವರ್ಷ ಹೋತು ಅಕ್ಕಾ. ಇದರ ಮ್ಯಾಲನ ಆಕಿ ಡಿಗ್ರಿ. ಮುಂದಿನ ವರ್ಷ ಖೋಲಿ ಸಿಗತೈತೋ ಇಲ್ಲೋ, ಆಕಿ ಮನ್ಯಾಗ ಓದಾಕ ಬಿಡ್ತಾರೋ ಇಲ್ಲೋ." ಅವನು ಬೆಲ್ಟಿಗೆ ಎಣ್ಣೆ ಹಾಕುತ್ತಲೇ ಇದ್ದ. "ನೀ ಮನಸಿಗೆ ಹಚಗೋಬ್ಯಾಡ. ನಿನ್ನ ತಪ್ಪೇನೈತಿ ಅದರಾಗ. ನಿನ್ನ ಕುಂದ್ರಿಸಿದವರ ತಪ್ಪು."

ಅವನೂ ಹಾಗೇ ಅಂದ.

ಹುಡುಗಿಯ ಹತ್ತಿರ ಹೋದೆ. ಅವಳು ದೋಣಿಯ ಅಂಚಿನಲ್ಲಿ ಕೂತು ಹೊಟ್ಟು ಕೆರೆಯುತ್ತಿದ್ದಳು.

"ನನಗ ಬೈ" ಅಂದೆ.

"ಯಾಕ ಬೈಬೇಕ್ರಿ ಅಜ್ಜಿ?"

"ಮುಟ್ಟಬ್ಯಾಡ ಅಂತ ಹೇಳಿದ್ದಿ. ಹೂಂ ಅಂದಿದ್ದೆ."

"ಹೋಗ್ಲಿ ಬಿಡ್ರಿ. ವಯಸ್ಸಾಗೇತಿ ನಿಮಗ."

ಚಾದ ಬೋಗುಣಿ ತೊಳೆಯದೆ ಹಾಗೇ ಬಿಟ್ಟು ಮನೆಗೆ ಹೋದೆ. ಮರುದಿನ ಹೋಗುವುದು ಬೇಡ ಅಂತಲೇ ಮಲಗಿದ್ದೆ. ಬೆಳಿಗ್ಗೆ ಮುಖ ತೊಳೆಯುವಾಗ ಅನಿಸಿತು, ಹೋಗದಿದ್ದರೂ ಅವರು ಏನೂ ಅನ್ನುವುದಿಲ್ಲ, ಪಾಪ ಅನ್ನುತ್ತಾರೆ. ಅದನ್ನು ಅನ್ನಿಸಿಕೊಳ್ಳಲು ಆಗಲಿಲ್ಲ. ಎದ್ದು ನೆಟ್ಟಗೆ ಸಾವ್ಕಾರನ ಮುಂದೆ ಹೋಗಿ ನಿಂತೆ. ಅವನ ಮುಂದೆ ನಾನು ಯಾವತ್ತೂ ಏನೂ ಬೇಡಿದವಳಲ್ಲ. ಎದುರು ಮಾತಾಡಿದ್ದೇ ಹೆಚ್ಚು. ಹಿಂದಿನ ಸೀಜನ್ನಿನಲ್ಲಿ ಹೊಟ್ಟಿನ ಕೆಲಸ ಮಾಡುವುದಿಲ್ಲ, ಮೊಣಕಾಲು ನಿನ್ನಪ್ಪ ಕೊಡಿಸಿದ್ದಲ್ಲ ಅಂತ ಎಲ್ಲರ ಎದುರು ಅಂದಿದ್ದೆ.

"ಕಾಲೇಜಿನವರಿಗೆ ಇನ್ನೊಂದ್ ಸಲ ಲಾದಿ ಕೊಡ್ರಿ. ಖೋಲಿ ಇನ್ನಷ್ಟು ದಿನ ಬಿಡ್ರಿ" ಅಂದೆ.

"ಯಾಕ, ಹಿಂದಿನ ಬರ್ಫಿಗೆ ಕೌದಿ ಸಾಲಲಿಲ್ಲೇನು?"

ಪಕ್ಕದಲ್ಲಿ ಕೂತಿದ್ದ ಗುಮಾಸ್ತ ನಕ್ಕ. ಸಾವ್ಕಾರ ಲೆಕ್ಕದ ಪುಸ್ತಕ ಮುಚ್ಚಿದ.

"ಸೀಜನ್ ಐತಿ ಮುಂದ. ಹೊಟ್ಟು ಎಲ್ಲಿ ಇಡ್ಲಿ ನಾ, ನಿನ್ನ ತಲಿ ಮ್ಯಾಲ?"

"ಹೊರಗ ತಾಡಪತ್ರಿ ಹಾಕಿ ಇಡ್ರಿ. ನಾ ಕಾಯ್ತೇನಿ. ಸೀಜನ್ ಪೂರ್ತಿ ಹೊಟ್ಟಿನ ಕೆಲಸಕ್ಕೂ ಕುಂದರ್ತೇನಿ."

"ಮೊಣಕಾಲು?"

"ಅದು ನಂದು."

ಅವನು ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. ಕೊನೆಗೆ ಅಂದ, ಮೊದಲ ಮದುವೆಯ ಆರ್ಡರ್ ಬರುವ ತನಕ, ಆಮೇಲೆ ಒಂದು ದಿನವೂ ಇಲ್ಲ. ಲಾದಿ ಎಳೆಯಲು ಆಳೂ ಇಲ್ಲ.

ಪ್ರೊಫೆಸರಿಗೆ ಹೇಳಿದಾಗ ಅವರು ಕೈ ಮುಗಿಯಲು ಬಂದರು. "ಕೈ ಮುಗೀಬ್ಯಾಡ್ರಿ. ಪಟ್ಟಿ ಕೊಡ್ರಿ ನನಗ" ಅಂದೆ. ಅವರು ಹುಡುಗಿಯ ಮುಖ ನೋಡಿದರು. ಹುಡುಗಿ ಸ್ವಲ್ಪ ಹೊತ್ತು ಯೋಚಿಸಿದಳು. ಆ ಸ್ವಲ್ಪ ಹೊತ್ತು ನನಗೆ ಚೆನ್ನಾಗಿ ನೆನಪಿದೆ. ಆಮೇಲೆ ಕೊಟ್ಟಳು.

ಮತ್ತೆ ಹೆಬ್ಬಳ್ಳಿಯ ಎರೆ ಬಂತು. ಹುಡುಗಿ, ಮಿಸ್ತ್ರಿ, ನಾನು ಮೂವರೇ ಲಾದಿ ಎಳೆದೆವು. ಈ ಸಲ ಮೊದಲು ಹಾಸಿದಾಗ ಒಂದು ಬದಿ ಎತ್ತರ ಆಯಿತು. ಮಣ್ಣಿನಲ್ಲಿ ಹರಳು ಉಳಿದಿತ್ತು, ಆರಿಸಿದವಳು ನಾನೇ. ಎಲ್ಲ ತೆಗೆದು ಮತ್ತೆ ಹಾಸಿದೆವು. ಕಡ್ಡಿ ಕಾಸಿ ಕೊರೆದು ನೆಟ್ಟೆವು, ದಾರ ಬಿಗಿದೆವು. ಕೆಲಸ ಮುಗಿದ ಮೇಲೆ ಖೋಲಿಯಲ್ಲಿದ್ದ ಗುಟ್ಟ, ಸುತ್ತಿಗೆ, ಗೋಣಿ ಎಲ್ಲ ಹೊತ್ತು ಮಿಸ್ತ್ರಿಯ ಮಷಿನ್ ಖೋಲಿಗೆ ಒಯ್ದು ಹಾಕಿದೆ.

"ಕೀಲಿ ಹಾಕು. ನಾ ಕೇಳಿದ್ರೂ ಕೊಡಬ್ಯಾಡ" ಅಂದೆ.

"ಏನವಾ, ಕುಡುಕ ಬಾಟ್ಲಿ ಕೊಟ್ಟಂಗ ಕೊಡ್ತೀ" ಅಂದ. ಕೀಲಿ ಹಾಕಿದ.

ಈ ಸಲ ಥಂಡಿಯನ್ನು ಬೇಗ ಬೇಗ ಇಳಿಸಿದರು, ದಿನ ಕಡಿಮೆ ಇದ್ದವು. ನಡುವೆ ಮಷಿನ್ನಿನ ಬೆಲ್ಟು ಹರಿದು ಖೋಲಿ ಬೆಚ್ಚಗಾಯಿತು. ಅವತ್ತು ಬರ್ಫಿನ ಮೇಲೆ ನೀರು ನಿಂತು ಹೊಳೆಯುತ್ತಿತ್ತು. ನಾನು ಡಬ್ಬಿಯ ಮೇಲೆ ಕೂತು ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಕಾದೆ. ಬರ್ಫಿನ ಕೆಲಸದಲ್ಲಿ ಇಷ್ಟು ವರ್ಷ ಬೆನ್ನು ಬಗ್ಗಿಸಿದ್ದೇನೆ, ಅಷ್ಟು ದಣಿದದ್ದಿಲ್ಲ. ಹೊತ್ತು ಹೊತ್ತಿಗೆ ಎದ್ದು ಪಟ್ಟಿ ಹಿಡಿದು ನೋಡಿ, ಗೋಡೆಗೆ ಬರೆದು, ಫೋನ್ ಹಚ್ಚಿ ಹೇಳಿದೆ. ಎರಡೆರಡು ಸಲ ನೋಡಿ ಹೇಳಿದೆ.

ಹೊರಗೆ ಹೊಟ್ಟಿನ ಚೀಲಗಳು ಬಂದು ಬೀಳತೊಡಗಿದವು. ಮೊದಲ ಮದುವೆಯವರು ಆರ್ಡರ್ ಕೊಟ್ಟು ಹೋದರು, ನಾಳೆ ಬೆಳಿಗ್ಗೆ ಖೋಲಿ ಖಾಲಿ ಆಗಬೇಕು ಅಂತ ಸಾವ್ಕಾರ ಹೇಳಿ ಕಳಿಸಿದ. ಅವತ್ತು ಹುಡುಗಿ ಕಾಲೇಜಿಗೆ ಹೋಗಲಿಲ್ಲ. ಬೆಳಗಿನಿಂದ ಇಬ್ಬರೂ ಒಳಗೇ ಇದ್ದೆವು. ಅವಳು ಸಾಲುಗಳ ಪಕ್ಕದಲ್ಲಿ ಪಟ್ಟಿ, ಗಡಿಯಾರ ಹಿಡಿದು ಮೊಣಕಾಲೂರಿದ್ದಳು. ನಾನು ಬಯಲು ತುದಿಯ ಬಳಿ ನೀರಿನ ಡಬ್ಬಿ ನೋಡುತ್ತಿದ್ದೆ.

ಡಬ್ಬಿಗೆ ಬೀಳುವ ನೀರು ಕಪ್ಪಾಯಿತು.

"ಎರಿ ಬರಾಕತ್ತೇತಿ" ಅಂದೆ.

ಅವಳು ತಲೆ ಎತ್ತುವಷ್ಟರಲ್ಲಿ ಧಡ್ ಅಂತು. ಹಾಸು ಸರಿಯಿತು. ನಿಲ್ಲಲಿಲ್ಲ. ಕಣ್ಣಿಗೆ ಕಾಣುವ ಹಾಗೆ, ಬಸುರಿ ಎಮ್ಮೆ ಇಳುಕಲು ಇಳಿಯುವ ಹಾಗೆ, ನನ್ನ ಕಡೆ ಬರುತ್ತಿತ್ತು. ಹುಡುಗಿ ಅಂಕಿ ಒದರತೊಡಗಿದಳು. ನಾನು ಬರೆದುಕೊಳ್ಳಬೇಕು. ಸೀಮೆಸುಣ್ಣ ನನ್ನ ಕೈಯಲ್ಲಿತ್ತು. ಅದು ಕೆಳಗೆ ಬಿತ್ತು. ನನ್ನ ಎರಡೂ ಅಂಗೈ ಬರ್ಫಿನ ಮೂತಿಯ ಮೇಲಿದ್ದವು. ಕಾಲು ಹಿಂದಕ್ಕೆ ಊರಿ ತಡೆಯುತ್ತಿದ್ದೆ. ಹೇಗೆ ಹೋದೆನೋ ಗೊತ್ತಿಲ್ಲ.

"ಏ, ಕೈ ತಗಿ" ಅಂತ ಒದರಿದಳು. "ಮುಟ್ಟಬ್ಯಾಡ ಅಂತ ಎಷ್ಟ್ ಸಲ ಬಡಕೋಬೇಕು ನಿನಗ, ಹುಚ್ಚಮುದುಕಿ. ನನ್ನ ಬಾಳೇ ಹಾಳ ಮಾಡಬೇಕಂತ ಮಾಡಿಯೇನು? ತಗಿ ಕೈ. ನಿಂತೀ ಯಾಕ, ಬರಿ."

ತೆಗೆದೆ. ಸುಣ್ಣ ಹುಡುಕಿ ಗೋಡೆಗೆ ಹೋದೆ. ಅವಳು ಹೇಳುತ್ತಾ ಹೋದಳು, ನಾನು ಬರೆಯುತ್ತಾ ಹೋದೆ. ಕೈ ಮರಗಟ್ಟಿ ಅಂಕಿಗಳು ಸೊಟ್ಟಾದವು. ಹಿಂದೆ ಬರ್ಫಿನ ಮೂತಿ ತಗಡಿನ ಅಂಚು ದಾಟಿ, ಸಂದಿಯಲ್ಲಿ ಬಿರಿದು, ನೆಲಕ್ಕೆ ಬಿದ್ದು ಎರಡಾದದ್ದು ಸದ್ದಿನಿಂದ ತಿಳಿಯಿತು. ತಿರುಗಿ ನೋಡಲಿಲ್ಲ. ಆಮೇಲೆ ನಿಂತಿತು. ಅವಳು ಕೊನೆಯ ಸಾಲು ಅಳೆದಳು. ಗೋಡೆಯ ಬಳ್ಳಿ ಬಳ್ಳಿ ಅಂಕಿಗಳ ಫೋಟೋ ತೆಗೆಯುತ್ತಾ ಒಂದು ಕಡೆ ನಿಂತಳು.

"ಇಲ್ಲೆ ಒಮ್ಮೆ ಸಾವಕಾಶ ಆಗೇತಿ. ಇಲ್ಲೇ ಅಲ್ಲ ನೀ ಕೈ ಇಟ್ಟಿದ್ದು?"

"ಹೂಂ."

"ಎಷ್ಟೊತ್ತು?"

"ನೀ ಒದರೂತನಕ."

"ಹಂಗಾರ ಅದನ್ನೂ ಬರಿ. ಇಲ್ಲಂದ್ರ ಬರ್ಫು ತಾನ ನಿಧಾನ ಆತು ಅಂತ ಲೆಕ್ಕ ಹಿಡೀತಾರ."

ಆ ಅಂಕಿಯ ಪಕ್ಕದಲ್ಲಿ 'ಕೈ' ಅಂತ ಬರೆದೆ. ಅವಳು ಅದರ ಫೋಟೋ ತೆಗೆದಳು.

ಡಿಗ್ರಿಗೆ ಇಷ್ಟು ಸಾಕು ಅಂತ ಪ್ರೊಫೆಸರು ಫೋನಿನಲ್ಲೇ ಅಂದರಂತೆ. ಮಿಸ್ತ್ರಿ ಚಾ ತಂದುಕೊಟ್ಟು ಹೋದ. ಇಬ್ಬರೂ ಹೊರಗೆ ಹೊಟ್ಟಿನ ಚೀಲದ ಮೇಲೆ ಕೂತೆವು. ಹುಡುಗಿ ನನ್ನ ಕಡೆ ತಿರುಗಿದಳು. ಮುಖ ಮತ್ತೆ ಮೊದಲಿನಂತೆ ಮೆತ್ತಗಾಗಿತ್ತು.

"ಅಜ್ಜಿ, ಸಿಟ್ಟಿನಾಗ ಏನೇನೋ ಅಂದ್ನಿ. ಹಿರ್ಯಾರಿಗೆ ಹಂಗ ಅನಬಾರದಾಗಿತ್ತು. ತಪ್ಪಾತ್ರಿ."

"ವಾಪಸ್ ತಗೋಬ್ಯಾಡ ಅದನ್ನ" ಅಂದೆ.

ಅವಳಿಗೆ ಏನು ತಿಳಿಯಿತೋ ಗೊತ್ತಿಲ್ಲ. ಚಾ ಕುಡಿದಳು.

ಮರುದಿನ ಖೋಲಿಗೆ ಹೊಟ್ಟು ತುಂಬಿದರು. ಸಾವ್ಕಾರನಿಗೆ ಮಾತು ಕೊಟ್ಟ ಹಾಗೆ ಸೀಜನ್ ಪೂರ್ತಿ ನಾನು ಅಲ್ಲೇ ಕೂತು ಚೀಲ ಬಿಚ್ಚುತ್ತಿದ್ದೇನೆ. ಗೋಡೆಯ ಅಂಕಿಗಳು ಅಲ್ಲಲ್ಲಿ ಅಳಿಸಿವೆ. 'ಕೈ' ಅನ್ನುವುದು ಇನ್ನೂ ಚೆನ್ನಾಗಿ ಕಾಣುತ್ತದೆ, ಒತ್ತಿ ಬರೆದಿದ್ದೆ ಅಂತ ತೋರುತ್ತದೆ. ಒರೆಸಲು ಹೋಗಿಲ್ಲ. ಆ ಗೋಡೆಗೆ ಬೆನ್ನು ಮಾಡಿ ಕೂಡುತ್ತೇನೆ.